ತೂಕ ಕಳೆದರೂ ಕಳೆಯದ ಜಡತ್ವ

ಆರೋಗ್ಯದ ಮಾತು ಬಂದಲ್ಲಿ ತೂಕದ ಮಾತೂ ಬರುತ್ತದೆ. ವೈದ್ಯರಲ್ಲಿಗೆ ಹೋದವನನ್ನು ಮೊದಲು ತೂಕದ ಯಂತ್ರದ ಮೇಲೆ ನಿಲ್ಲಿಸುವುದು ವಾಡಿಕೆ. ಒಂದು ಕಾಲಕ್ಕೆ ಮುಂಬಯಿಯ ರೈಲು ನಿಲ್ದಾಣಗಳಲ್ಲಿ, ನಾಣ್ಯ ಹಾಕಿದೊಡನೆ ಬಣ್ಣದ ದೀಪಗಳನ್ನು ಮಿನುಗಿಸಿ, ತೂಕದ ಜೊತೆಗೆ ಭವಿಷ್ಯವನ್ನೂ ಅಚ್ಚು ಹಾಕಿದ ಚೀಟಿಯನ್ನು ಹೊರಗಿಡುತ್ತಿದ್ದ ಯಂತ್ರಗಳನ್ನು ಹಳಬರು ಮರೆತಿರಲಾರರು. ಅಂತಹ ಯಂತ್ರವೊಂದನ್ನು ಭೂಮಿಯನ್ನು ಸುತ್ತುತ್ತಿರುವ ಅಂತರಿಕ್ಷ ನಿಲ್ದಾಣಕ್ಕೆ ಕೊಂಡೊಯ್ದರೆ ಅದರ ಮುಳ್ಳು ಸೊನ್ನೆಯನ್ನು ಬಿಟ್ಟು ಕದಲದು. ಆದರೂ ಅಲ್ಲಿ ತಿಂಗಳುಗಟ್ಟಲೆ ವಾಸಿಸುವವರ ದೇಹ ಸೊರಗುತ್ತಿದೆಯೇ ಇಲ್ಲವೇ ಎಂಬುದನ್ನು ವೈದ್ಯರು ತಿಳಿಯಲೇಬೇಕು; ತಿಳಿಯುತ್ತಲೂ ಇದ್ದಾರೆ.

ತೂಕವೇ ಇಲ್ಲದ ಕಡೆ ದೇಹವನ್ನು ತೂಗುವುದೆಂತು? ಉತ್ತರ ಒಂದೇ ಪದದಲ್ಲಿದೆ: ಜಡತ್ವ. ಅಂತರಿಕ್ಷಕ್ಕೆ ಹೋದ ವಸ್ತು ತೂಕವನ್ನು ಕಳೆದುಕೊಂಡರೂ ಜಡತ್ವವನ್ನು ಕಳೆದುಕೊಳ್ಳುವುದಿಲ್ಲ. ಉಪಗ್ರಹಗಳ ಚಲನೆ, ಗಗನಯಾತ್ರಿಗಳ ಆರೋಗ್ಯ, ಕಲ್ಯಾಣ, ಡೊಂಬಿವಲಿ, ಥಾಣೆಗಳಿಂದ ದಿನವೂ ಲೋಕಲ್ ಗಾಡಿ ಹತ್ತುವವರ ಕ್ಷೇಮ, ಈ ಮೂರೂ ಇದೊಂದು ಗುಣವನ್ನೇ ಅವಲಂಬಿಸಿವೆ.

ಗಾಡಿಯೂ ತೇರೂ

ಎತ್ತು ನಿಂತರೆ ಗಾಡಿಯೂ ನಿಲ್ಲುತ್ತದೆ. ಈ ನಿತ್ಯಾನುಭವದಿಂದಲೇ ಪ್ರಾಚೀನ ಗ್ರೀಸಿನ ಅರಿಸ್ಟಾಟಲ್, ವಸ್ತುವೊಂದು ಚಲಿಸುತ್ತಿರಬೇಕಾದರೆ ಅದನ್ನು ಯಾರಾದರೂ ಎಳೆಯುತ್ತಲೋ ನೂಕುತ್ತಲೋ ಇರಬೇಕು ಎಂದು ತೀರ್ಮಾನಿಸಿದನು. ಸುಮಾರು ಎರಡು ಸಾವಿರ ವರ್ಷಗಳ ಕಾಲ ಆ ಮಾತೇ ಪ್ರಮಾಣವಾಗಿತ್ತು. ಇಟಲಿಯ ಗೆಲಿಲಿಯೋ ಇಳಿಜಾರು ಹಲಗೆಗಳ ಮೇಲೆ ಗುಂಡುಗಳನ್ನು ಉರುಳಿಸಿ ಪರೀಕ್ಷಿಸಿದಾಗ ಬೇರೊಂದು ಸಂಗತಿ ಹೊಳೆಯಿತು. ನೆಲ ನುಣುಪಾದಷ್ಟೂ ಗುಂಡು ಹೆಚ್ಚು ದೂರ ಸಾಗುತ್ತದೆ; ಘರ್ಷಣೆಯೇ ಇಲ್ಲದ ನೆಲವಿದ್ದರೆ ಅದು ನಿಲ್ಲುವ ಕಾರಣವೇ ಇರದು. ಗಾಡಿ ನಿಂತದ್ದು ಎಳೆಯುವವರಿಲ್ಲದ್ದರಿಂದಲ್ಲ. ಅಚ್ಚು ಮತ್ತು ನೆಲದ ಘರ್ಷಣೆ ಅದನ್ನು ತಡೆದುದರಿಂದ.

1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಎಂಬ ಗ್ರಂಥದಲ್ಲಿ ಐಸಾಕ್ ನ್ಯೂಟನ್ ಇದನ್ನು ಚಲನೆಯ ಮೊದಲ ನಿಯಮವಾಗಿ ನಿರೂಪಿಸಿದನು. ಹೊರಗಿನ ಬಲ ತಾಗದಿದ್ದರೆ ನಿಂತ ವಸ್ತು ನಿಂತೇ ಇರುತ್ತದೆ. ಚಲಿಸುವ ವಸ್ತು ಅದೇ ವೇಗದಲ್ಲಿ, ಸರಳರೇಖೆಯಲ್ಲಿ ಚಲಿಸುತ್ತಲೇ ಇರುತ್ತದೆ. ತನ್ನ ಸ್ಥಿತಿಯ ಬದಲಾವಣೆಗೆ ವಸ್ತು ಒಡ್ಡುವ ಈ ಪ್ರತಿರೋಧವೇ ಜಡತ್ವ.

ಊರ ಜಾತ್ರೆಯ ತೇರನ್ನು ನೆನೆದರೆ ಇದರ ಎರಡು ಮುಖಗಳೂ ಸ್ಪಷ್ಟವಾಗುತ್ತವೆ. ನಿಂತ ತೇರನ್ನು ಕದಲಿಸಲು ನೂರಾರು ಜನ ಹಗ್ಗ ಜಗ್ಗಬೇಕು. ಒಮ್ಮೆ ಹೊರಟ ತೇರನ್ನು ನಿಲ್ಲಿಸುವುದೂ ಅಷ್ಟೇ ಕಷ್ಟ. ಗಾಲಿಯ ಅಡಿಗೆ ಮರದ ದಿಮ್ಮಿ ಕೊಡುವವರು ಪ್ರಾಣವನ್ನು ಅಂಗೈಯಲ್ಲಿ ಹಿಡಿದು ಆ ಕೆಲಸ ಮಾಡುತ್ತಾರೆ. ಹೊರಡಲು ಒಲ್ಲದ ತೇರೂ ನಿಲ್ಲಲು ಒಲ್ಲದ ತೇರೂ ಒಂದೇ ಜಡತ್ವದ ಎರಡು ರೂಪಗಳು. ವಸ್ತುವಿನಲ್ಲಿ ಅಡಕವಾದ ದ್ರವ್ಯರಾಶಿ ಹೆಚ್ಚಿದಷ್ಟೂ ಜಡತ್ವವೂ ಹೆಚ್ಚು.

ತೂಕ ಎಲ್ಲಿ ಹೋಯಿತು?

ಅಂತರಿಕ್ಷದಲ್ಲಿ ಗುರುತ್ವಾಕರ್ಷಣೆಯೇ ಇಲ್ಲವೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಉಂಟು. ಇದು ಸರಿಯಲ್ಲ. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣವು ಸುತ್ತುತ್ತಿರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿಯೂ ಭೂಮಿಯ ಸೆಳೆತ ನೆಲದ ಮೇಲಿರುವುದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿದೆ. ಹಾಗಾದರೆ ನಿಲ್ದಾಣ ಏಕೆ ಬೀಳುವುದಿಲ್ಲ?

ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಬೀಸುವ ಕವಣೆ ಇದಕ್ಕೆ ಉತ್ತರ ಹೇಳುತ್ತದೆ. ಬೀಸುತ್ತಿರುವಾಗ ಕಲ್ಲು ವೃತ್ತಾಕಾರವಾಗಿ ಸುತ್ತುತ್ತದೆ. ಒಂದು ಎಳೆಯನ್ನು ಬಿಟ್ಟ ಕ್ಷಣವೇ ನೇರವಾಗಿ ಹಾರಿಹೋಗುತ್ತದೆ. ನೇರವಾಗಿ ಹೋಗುವುದು ಕಲ್ಲಿನ ಸ್ವಭಾವ. ಬಳಸಿ ಸುತ್ತುವಂತೆ ಮಾಡುವುದು ದಾರದ ಸೆಳೆತ. ಅಂತರಿಕ್ಷ ನಿಲ್ದಾಣದ ಪಾಲಿಗೆ ಭೂಮಿಯ ಗುರುತ್ವವೇ ಆ ದಾರ. ಜಡತ್ವವು ನಿಲ್ದಾಣವನ್ನು ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದಲ್ಲಿ ಮುಂದಕ್ಕೆ ಒಯ್ಯುತ್ತದೆ. ಗುರುತ್ವ ಅದನ್ನು ಕೆಳಕ್ಕೆ ಬಾಗಿಸುತ್ತದೆ. ಬೀಳುತ್ತಲೇ ಇದ್ದರೂ ಗುಂಡಾದ ಭೂಮಿಯ ಮೇಲ್ಮೈಯೂ ಅಷ್ಟೇ ಬಾಗುವುದರಿಂದ ಅದು ನೆಲವನ್ನು ಮುಟ್ಟುವುದಿಲ್ಲ. ಹೀಗೆ ಸುಮಾರು 90 ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತಿಬರುತ್ತದೆ.

ನಿಲ್ದಾಣ, ಅದರೊಳಗಿನ ಮನುಷ್ಯ, ಅವನ ಕಾಲಡಿಯ ತೂಕದ ಯಂತ್ರ, ಎಲ್ಲವೂ ಒಟ್ಟಿಗೇ ಬೀಳುತ್ತಿರುವುದರಿಂದ ಒಂದು ಇನ್ನೊಂದನ್ನು ಒತ್ತುವುದಿಲ್ಲ. ಒತ್ತುವಿಕೆಯನ್ನೇ ಅಳೆಯುವ ಯಂತ್ರ ಆದುದರಿಂದ ಸೊನ್ನೆ ತೋರಿಸುತ್ತದೆ. ಹೋದದ್ದು ತೂಕದ ಅನುಭವ ಮಾತ್ರ. 200 ಕಿಲೋಗ್ರಾಂ ಪೆಟ್ಟಿಗೆಯೊಂದು ಅಲ್ಲಿ ಹತ್ತಿಯಂತೆ ತೇಲಿದರೂ, ತೇಲಿಬರುತ್ತಿರುವ ಅದಕ್ಕೂ ಗೋಡೆಗೂ ನಡುವೆ ಸಿಕ್ಕಿದ ಕೈ ಜಜ್ಜಿಹೋಗುವ ಭಯ ಇದ್ದೇ ಇದೆ.

ಪೀಣ್ಯದಿಂದ ಮಂಗಳನವರೆಗೆ

ಈ ನಿಯಮಗಳ ಸೊಗಸಾದ ನಿದರ್ಶನಗಳು ಕನ್ನಡ ನಾಡಿನಿಂದಲೇ ಹೊರಟಿವೆ. ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ರೂಪುಗೊಂಡದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಆ ತಂಡದ ನೇತಾರರು ಉಡುಪಿಯ ಬಳಿಯ ಅದಮಾರಿನಲ್ಲಿ ಜನಿಸಿದ ಪ್ರೊಫೆಸರ್ ಯು. ಆರ್. ರಾವ್. ಸುಮಾರು 360 ಕಿಲೋಗ್ರಾಂನ ಈ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಕಕ್ಷೆಗೆ ಸೇರಿಸಿತು. ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ, ಅದೂ ತನ್ನ ಅಕ್ಷದ ಸುತ್ತ ತಿರುಗುತ್ತ ಸ್ಥಿರತೆಯನ್ನು ಕಾಯ್ದುಕೊಂಡಿತು.

ವಿದ್ಯುತ್ ಪೂರೈಕೆಯ ತೊಂದರೆಯಿಂದ ಆರ್ಯಭಟದ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. ಪ್ರಯಾಣ ಮಾತ್ರ ನಿಲ್ಲಲಿಲ್ಲ. ಎಳೆಯುವವರಿಲ್ಲದೆ, ನೂಕುವವರಿಲ್ಲದೆ ಅದು 1992ರ ಫೆಬ್ರವರಿಯವರೆಗೆ, ಎಂದರೆ ಸುಮಾರು 17 ವರ್ಷ, ಭೂಮಿಯನ್ನು ಸುತ್ತಿತು. ಕೊನೆಗೆ ಅದನ್ನು ಕೆಳಗಿಳಿಸಿದ್ದು ಆ ಎತ್ತರದಲ್ಲಿಯೂ ಅತಿ ವಿರಳವಾಗಿ ಉಳಿದಿರುವ ಗಾಳಿಯ ಘರ್ಷಣೆ. ಹಳ್ಳಿಯ ಗಾಡಿಯನ್ನು ನಿಲ್ಲಿಸುವ ಘರ್ಷಣೆಯೇ ಅಲ್ಲಿಯೂ ಗೆದ್ದಿತು. ಗೆಲ್ಲಲು 17 ವರ್ಷ ಹಿಡಿಯಿತು, ಅಷ್ಟೆ.

ಎರಡನೆಯ ನಿದರ್ಶನ ಮಂಗಳಯಾನ. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟ ಈ ನೌಕೆಯನ್ನು ಪೀಣ್ಯದ ನಿಯಂತ್ರಣ ಕೇಂದ್ರದಿಂದ ನಡೆಸಲಾಯಿತು; ಅದರ ದನಿಯನ್ನು ಆಲಿಸಿದ್ದು ಬೆಂಗಳೂರಿಗೆ ಸಮೀಪದ ಬ್ಯಾಲಾಳುವಿನ ದೊಡ್ಡ ಆಂಟೆನಾಗಳು. ಭೂಮಿಯ ಕಕ್ಷೆಯನ್ನು ಬಿಟ್ಟ ಮೇಲೆ ಸುಮಾರು 300 ದಿನಗಳ ಕಾಲ ಅದರ ಮುಖ್ಯ ಎಂಜಿನ್ ಬಹುಪಾಲು ನಿದ್ರಿಸಿತ್ತು. ದಾರಿ ತಿದ್ದಲು ಆಗೊಮ್ಮೆ ಈಗೊಮ್ಮೆ ಅಲ್ಪ ನೂಕುಬಲ ಕೊಟ್ಟದ್ದನ್ನು ಬಿಟ್ಟರೆ, 65 ಕೋಟಿಗೂ ಮಿಕ್ಕಿದ ಕಿಲೋಮೀಟರುಗಳ ದಾರಿಯನ್ನು ಅದು ಕ್ರಮಿಸಿದ್ದು ಸೂರ್ಯನ ಸೆಳೆತಕ್ಕೆ ಒಳಪಟ್ಟ ತನ್ನ ಜಡತ್ವದಿಂದಲೇ.

ನಿಜವಾದ ಕಷ್ಟ ಬಂದದ್ದು ಮುಟ್ಟಿದ ಮೇಲೆ. ಅಂತರಿಕ್ಷದಲ್ಲಿ ಏನೂ ತಾನಾಗಿ ನಿಧಾನವಾಗುವುದಿಲ್ಲ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಎಂಜಿನ್ನನ್ನು ಚಲನೆಗೆ ಎದುರಾಗಿ ಸುಮಾರು 24 ನಿಮಿಷ ಉರಿಸಿ, ವೇಗವನ್ನು ಸೆಕೆಂಡಿಗೆ 1,099 ಮೀಟರಿನಷ್ಟು ತಗ್ಗಿಸಿದ ಬಳಿಕವೇ ಮಂಗಳನ ಸೆಳೆತ ಅದನ್ನು ಹಿಡಿಯಿತು. ಆ ಎಂಜಿನ್ ಹೊತ್ತದಿದ್ದರೆ ನೌಕೆ ಮಂಗಳನನ್ನು ದಾಟಿ ಮುಂದೆ ಹೋಗಿಬಿಡುತ್ತಿತ್ತು. ಅಂತರಿಕ್ಷದಲ್ಲಿ ಪಯಣ ಬಿಟ್ಟಿ. ನಿಲ್ಲುವುದಕ್ಕೆ ಬೆಲೆ ತೆರಬೇಕು.

ಜಮೆಗೆ ಸಮನಾದ ಖರ್ಚು

ಆ ಬೆಲೆಯನ್ನು ತೆರುವ ಬಗೆಯನ್ನು ನ್ಯೂಟನ್ನನ ಮೂರನೆಯ ನಿಯಮ ತಿಳಿಸುತ್ತದೆ: ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇದೆ. ಲೆಕ್ಕ ಬರೆಯುವವರಿಗೆ ಇದು ಹೊಸದಲ್ಲ. ಒಂದು ಖಾತೆಯ ಜಮೆಗೆ ಇನ್ನೊಂದು ಖಾತೆಯಲ್ಲಿ ಅಷ್ಟೇ ಮೊತ್ತದ ಖರ್ಚು ಬೀಳದೆ ತಾಳೆಪಟ್ಟಿ ಸರಿಹೊಂದುವುದಿಲ್ಲ. ರಾಕೆಟ್ಟು ಬಿಸಿ ಅನಿಲವನ್ನು ಹಿಂದಕ್ಕೆ ನೂಕುತ್ತದೆ. ಅನಿಲ ರಾಕೆಟ್ಟನ್ನು ಮುಂದಕ್ಕೆ ನೂಕುತ್ತದೆ. ಇದಕ್ಕೆ ಹೊರಗಿನ ಗಾಳಿಯ ಆಸರೆ ಬೇಡ. ಗಾಳಿಯಿಲ್ಲದ ಕಡೆ ರಾಕೆಟ್ಟು ಏನನ್ನು ನೂಕೀತು ಎಂದು 1920ರಲ್ಲಿ ವಿಜ್ಞಾನಿ ಗೊಡ್ಡಾರ್ಡ್‌ರನ್ನು ಹಾಸ್ಯ ಮಾಡಿದ್ದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ, 1969ರ ಜುಲೈಯಲ್ಲಿ ಮನುಷ್ಯರು ಚಂದ್ರನತ್ತ ಹೊರಟ ಮರುದಿನ ತನ್ನ ತಪ್ಪನ್ನು ಒಪ್ಪಿಕೊಂಡಿತು.

ಆದರೆ ನೂಕಲು ಬೇಕಾದ ಪದಾರ್ಥವನ್ನು ನೌಕೆ ತಾನೇ ಹೊತ್ತೊಯ್ಯಬೇಕು. ಅದು ತೀರಿದರೆ ಮರುಪೂರಣಕ್ಕೆ ಹಾದಿಯಿಲ್ಲ. ಹಾಸನದಲ್ಲಿ 1982ರಲ್ಲಿ ಆರಂಭವಾದ ಪ್ರಧಾನ ನಿಯಂತ್ರಣ ಕೇಂದ್ರದ ಮುಖ್ಯ ಕಾರ್ಯಗಳಲ್ಲಿ ಈ ಉಳಿತಾಯ ಖಾತೆಯನ್ನು ಕಾಯುವುದೂ ಒಂದು. ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳನ್ನು ಸೂರ್ಯ ಚಂದ್ರರ ಸೆಳೆತವೂ ಸೂರ್ಯಕಿರಣಗಳ ಸೂಕ್ಷ್ಮ ಒತ್ತಡವೂ ತಮ್ಮ ಜಾಗದಿಂದ ಮೆಲ್ಲಮೆಲ್ಲನೆ ಕದಲಿಸುತ್ತವೆ. ಹಾಸನದ ತಂತ್ರಜ್ಞರು ಇಂಧನವನ್ನು ಚಿಟಿಕೆಯಂತೆ ಬಳಸಿ ಅವನ್ನು ಸ್ವಸ್ಥಾನಕ್ಕೆ ತರುತ್ತಾರೆ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್‌ಸ್ಯಾಟ್-1ಎ ಉಪಗ್ರಹದ ಇಂಧನ ಅದೇ ಸೆಪ್ಟೆಂಬರ್‌ನಲ್ಲಿ ಬರಿದಾಗಲು, ಅದನ್ನು ಕೈಬಿಡಬೇಕಾಯಿತು. ಅದು ಬೀಳಲಿಲ್ಲ, ಆದರೆ ಹೇಳಿದ ಕಡೆ ಮುಖ ಮಾಡಿ ನಿಲ್ಲುವ ಶಕ್ತಿ ಅದಕ್ಕೆ ಉಳಿಯಲಿಲ್ಲ. 1983ರಲ್ಲಿ ಹೋದ ಇನ್‌ಸ್ಯಾಟ್-1ಬಿ ವರ್ಷಗಟ್ಟಲೆ ದುಡಿದು ದೂರದರ್ಶನವನ್ನು ದೇಶದ ಮನೆಮನೆಗೆ ಮುಟ್ಟಿಸಿತು.

ತೂಕದ ಯಂತ್ರವಿಲ್ಲದೆ ತೂಗುವ ಬಗೆ

ಈಗ ಆರಂಭದ ಪ್ರಶ್ನೆಗೆ ಬರಬಹುದು. ನ್ಯೂಟನ್ನನ ಎರಡನೆಯ ನಿಯಮದ ಪ್ರಕಾರ ಬಲವು ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ. ಒಂದೇ ಬಲದಿಂದ ನೂಕಿದರೆ ಹಗುರ ವಸ್ತು ಬೇಗ ವೇಗ ಪಡೆಯುತ್ತದೆ, ಭಾರದ್ದು ನಿಧಾನವಾಗಿ. ಆದುದರಿಂದ ಬಲ ಎಷ್ಟೆಂದು ಗೊತ್ತಿದ್ದು, ವೇಗ ಏರಿದ ಪ್ರಮಾಣವನ್ನು ಅಳೆದರೆ ದ್ರವ್ಯರಾಶಿ ತಿಳಿಯುತ್ತದೆ. 120 ನ್ಯೂಟನ್ ಬಲದಿಂದ ಎಳೆದಾಗ ಒಬ್ಬನ ವೇಗ ಪ್ರತಿ ಸೆಕೆಂಡಿಗೆ 2 ಮೀಟರಿನಂತೆ ಏರಿದರೆ, 120ನ್ನು 2ರಿಂದ ಭಾಗಿಸಿ ಅವನ ದೇಹ 60 ಕಿಲೋಗ್ರಾಂ ಎನ್ನಬಹುದು.

1973ರಲ್ಲಿ ಅಮೆರಿಕದ ‘ಸ್ಕೈಲ್ಯಾಬ್’ ನಿಲ್ದಾಣದಲ್ಲಿ ಸ್ಪ್ರಿಂಗು ಕಟ್ಟಿದ ಆಸನವೊಂದಿತ್ತು. ಅದರಲ್ಲಿ ಕುಳಿತವನು ತೊಟ್ಟಿಲಿನಂತೆ ಹಿಂದುಮುಂದಾಗಿ ಓಲಾಡುತ್ತಿದ್ದನು. ಓಲಾಟ ನಿಧಾನವಾದಷ್ಟೂ ದೇಹ ಭಾರ. ಇಂದಿನ ನಿಲ್ದಾಣದಲ್ಲಿ ಸ್ಪ್ರಿಂಗಿನ ತೋಳೊಂದು ಗಗನಯಾತ್ರಿಯನ್ನು ಗೊತ್ತಾದ ಬಲದಿಂದ ಎಳೆದು ಲೆಕ್ಕ ಹಾಕುತ್ತದೆ. ಭೂಮಿಯ ಮೇಲೆ ತೂಕ ಹೇಳುವುದನ್ನು ಅಲ್ಲಿ ಜಡತ್ವ ಹೇಳುತ್ತದೆ.

ಹೊರೆಯಿಲ್ಲದ ಮೂಳೆ

ಇಷ್ಟೊಂದು ಎಚ್ಚರ ಏಕೆಂದರೆ, ಹೊರೆ ಹೊರದ ದೇಹ ಬೇಗನೆ ಸೊರಗುತ್ತದೆ. ತೂಕರಹಿತ ಸ್ಥಿತಿಯಲ್ಲಿ ದೇಹದ ಭಾರ ಹೊರುವ ಸೊಂಟ, ತೊಡೆಗಳ ಮೂಳೆಗಳು ತಿಂಗಳಿಗೆ ಸುಮಾರು ಶೇಕಡಾ 1ರಿಂದ 1.5ರಷ್ಟು ಸಾಂದ್ರತೆಯನ್ನು ಕಳೆದುಕೊಳ್ಳಬಲ್ಲವು. ಕರಗಿದ ಸುಣ್ಣದಂಶ ಮೂತ್ರದಲ್ಲಿ ಸೇರಿ ಮೂತ್ರಪಿಂಡದ ಕಲ್ಲಿಗೆ ಎಡೆಗೊಡಬಹುದು. ಕಾಲು, ಬೆನ್ನುಗಳ ಸ್ನಾಯುಗಳೂ ಕ್ಷಯಿಸುತ್ತವೆ. ಇದನ್ನು ತಡೆಯಲು ಗಗನಯಾತ್ರಿಗಳು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರೆ. ಭಾರ ಎತ್ತುವುದು ಅಲ್ಲಿ ನಿರರ್ಥಕ; ಆದುದರಿಂದ ದೇಹವನ್ನು ಪಟ್ಟಿಗಳಿಂದ ಬಿಗಿದು ಓಡುತ್ತಾರೆ, ಪ್ರತಿರೋಧ ಒಡ್ಡುವ ಯಂತ್ರಗಳನ್ನು ಎಳೆಯುತ್ತಾರೆ. ಅಲ್ಲಿಯೂ ಮೂರನೆಯ ನಿಯಮ ಬಿಡದು: ಓಡುವ ಒಬ್ಬನ ಕಾಲ್ತುಳಿತಕ್ಕೆ ಇಡೀ ನಿಲ್ದಾಣವೇ ಕಂಪಿಸದಂತೆ ಓಟದ ಯಂತ್ರವನ್ನು ವಿಶೇಷ ಆಧಾರಗಳ ಮೇಲೆ ಕೂರಿಸಲಾಗಿದೆ.

1984ರ ಏಪ್ರಿಲ್‌ನಲ್ಲಿ ಸಲ್ಯೂಟ್-7 ನಿಲ್ದಾಣದಲ್ಲಿದ್ದ ರಾಕೇಶ ಶರ್ಮರು ಯೋಗಾಭ್ಯಾಸದ ಪರಿಣಾಮವನ್ನು ಪರೀಕ್ಷಿಸಿದರು. 2025ರ ಜೂನ್ 26ರಂದು ಅಂತರರಾಷ್ಟ್ರೀಯ ನಿಲ್ದಾಣವನ್ನು ಸೇರಿದ ಶುಭಾಂಶು ಶುಕ್ಲಾ, ಸ್ನಾಯುಕ್ಷಯದ ಕಾರಣಗಳನ್ನು ಕುರಿತು ಬೆಂಗಳೂರಿನ ಸಂಶೋಧಕರು ರೂಪಿಸಿದ ಪ್ರಯೋಗವನ್ನೂ, ಹೆಸರು, ಮೆಂತ್ಯ ಕಾಳುಗಳನ್ನು ಮೊಳಕೆ ಬರಿಸುವ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಮತ್ತು ಐ.ಐ.ಟಿ.ಗಳ ಪ್ರಯೋಗವನ್ನೂ ನಡೆಸಿದರು.

ಭೂಮಿಯಲ್ಲಿರುವವರಿಗೂ ಇಲ್ಲಿ ಪಾಠವಿದೆ. ಮೂಳೆ ಗಟ್ಟಿಯಾಗಿರಬೇಕಾದರೆ ಅದು ಹೊರೆ ಹೊರಬೇಕು. ದಿನವಿಡೀ ಕಚೇರಿಯ ಕುರ್ಚಿಯಲ್ಲಿ ಕುಳಿತು, ಮನೆಗೆ ಬಂದು ಮತ್ತೆ ಕುಳಿತುಕೊಳ್ಳುವವನು ತನ್ನ ಮೂಳೆಗಳಿಗೆ ಸಣ್ಣ ಪ್ರಮಾಣದ ಅಂತರಿಕ್ಷವಾಸವನ್ನೇ ಕೊಡುತ್ತಿದ್ದಾನೆ. ನಡಿಗೆ, ಮೆಟ್ಟಿಲು ಹತ್ತುವಿಕೆ, ಶಕ್ತ್ಯಾನುಸಾರ ವ್ಯಾಯಾಮ, ಇವು ಮುಪ್ಪಿನ ಕಾಲಕ್ಕೆ ಇಡುವ ಠೇವಣಿಗಳು.

ಕಿವಿಯ ಒಳಗೂ ಜಡತ್ವವೇ ಕೆಲಸ ಮಾಡುತ್ತದೆ. ಒಳಕಿವಿಯ ಮೂರು ಅರ್ಧವೃತ್ತಾಕಾರದ ನಾಳಗಳಲ್ಲಿ ದ್ರವವಿದೆ. ತಲೆ ತಿರುಗಿಸಿದಾಗ ದ್ರವ ಜಡತ್ವದಿಂದ ಹಿಂದುಳಿದು ಸೂಕ್ಷ್ಮ ಕೂದಲುಗಳನ್ನು ಬಾಗಿಸುತ್ತದೆ. ತಲೆ ತಿರುಗಿತೆಂದು ಮಿದುಳು ಅರಿಯುತ್ತದೆ. ಪಕ್ಕದಲ್ಲಿರುವ ಸುಣ್ಣದ ಸಣ್ಣ ಹರಳುಗಳು ಮೇಲು ಕೆಳಗನ್ನು ತಿಳಿಸುತ್ತವೆ. ತೂಕವಿಲ್ಲದಲ್ಲಿ ಹರಳುಗಳ ಮಾತಿಗೂ ಕಣ್ಣಿನ ಮಾತಿಗೂ ತಾಳೆಯಾಗದೆ ಹಲವು ಗಗನಯಾತ್ರಿಗಳು ಮೊದಲ ಎರಡು ಮೂರು ದಿನ ವಾಕರಿಕೆಯಿಂದ ಬಳಲುತ್ತಾರೆ. ಘಟ್ಟದ ರಸ್ತೆಯ ಬಸ್ಸಿನಲ್ಲಿ ಹೊಟ್ಟೆ ತೊಳಸುವುದಕ್ಕೂ ಇಂತಹ ವಿರೋಧವೇ ಮೂಲ. ವಯಸ್ಸಾದವರಲ್ಲಿ ಈ ಹರಳುಗಳು ಸ್ಥಾನ ತಪ್ಪಿ ನಾಳವನ್ನು ಸೇರಿದಾಗ ಮಗ್ಗುಲು ಬದಲಿಸಿದರೂ ತಲೆ ಸುತ್ತುವುದುಂಟು. ಇದಕ್ಕೆ ಚಿಕಿತ್ಸೆಯಿದೆ, ‘ಪಿತ್ತ’ವೆಂದು ಸುಮ್ಮನಿರದೆ ವೈದ್ಯರನ್ನು ಕಾಣುವುದು ಲೇಸು.

ಕಂತಿನ ಸಾಲ, ಇಡಿಗಂಟಿನ ಸಾಲ

1854ರ ಮೇ 1ರಂದು ಥಾಣೆಯಿಂದ ಕಲ್ಯಾಣಕ್ಕೆ ರೈಲು ಬಂದಂದಿನಿಂದ ಈ ಊರಿನ ಬದುಕು ಗಾಲಿಗಳ ಮೇಲೆ ನಿಂತಿದೆ. ಗಂಟೆಗೆ 36 ಕಿ.ಮೀ. ವೇಗದ ಗಾಡಿಯಲ್ಲಿರುವ 60 ಕಿಲೋಗ್ರಾಂನ ಮನುಷ್ಯನೂ ಅದೇ ವೇಗದಲ್ಲಿ, ಎಂದರೆ ಸೆಕೆಂಡಿಗೆ 10 ಮೀಟರಿನಂತೆ, ಚಲಿಸುತ್ತಿರುತ್ತಾನೆ. ನಿಲ್ಲಬೇಕಾದರೆ ಆ ಸಾಲವನ್ನು ಪೂರ್ತಿ ತೀರಿಸಲೇಬೇಕು. ಎರಡು ಸೆಕೆಂಡುಗಳ ಕಂತಿನಲ್ಲಿ ತೀರಿಸಿದರೆ ದೇಹ ತಾಳಬೇಕಾದ ಬಲ 300 ನ್ಯೂಟನ್, ಸುಮಾರು 30 ಕಿಲೋ ಭಾರದಷ್ಟು. ಕಂಬಕ್ಕೋ ನೆಲಕ್ಕೋ ಬಡಿದು ಸೆಕೆಂಡಿನ ಹತ್ತನೆಯ ಒಂದಂಶದಲ್ಲಿ ಇಡಿಗಂಟಾಗಿ ತೀರಿಸಬೇಕಾಗಿ ಬಂದರೆ 6,000 ನ್ಯೂಟನ್, ಸುಮಾರು 600 ಕಿಲೋ ಭಾರ! ಸಾಲ ಒಂದೇ, ತೀರಿಸುವ ಅವಧಿಯಲ್ಲಿ ಜೀವ ಮರಣಗಳ ಅಂತರವಿದೆ. ಹೆಲ್ಮೆಟ್ಟಿನ ಒಳಮೆತ್ತೆ, ಕಾರಿನ ಬೆಲ್ಟು, ಗಾಳಿಚೀಲ ಇವೆಲ್ಲ ಈ ಅವಧಿಯನ್ನು ಹಿಗ್ಗಿಸುವ ಸಾಧನಗಳು.

ಓಡುವ ಗಾಡಿಯಿಂದ ಇಳಿದವನ ಪಾದ ನೆಲಕ್ಕೆ ತಾಗಿ ನಿಲ್ಲುತ್ತದೆ, ಮೇಲಿನ ದೇಹ ಮುಂದಕ್ಕೇ ಹೋಗುತ್ತದೆ. ಅವನು ಮುಗ್ಗರಿಸದೆ ಗತಿಯಿಲ್ಲ. ತಿರುವಿನಲ್ಲಿ ಗಾಡಿ ಬಾಗಿದರೂ ಕವಣೆಯ ಕಲ್ಲಿನಂತೆ ದೇಹ ನೇರವಾಗಿ ಹೋಗಲು ಹವಣಿಸುತ್ತದೆ. ಬಾಗಿಲಲ್ಲಿ ಜೋತವನನ್ನು ಒಳಗೆ ಉಳಿಸಿಕೊಳ್ಳುವುದು ಅವನ ಬೆರಳುಗಳ ಹಿಡಿತ ಮಾತ್ರ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ಬಳಿ ಕಿಕ್ಕಿರಿದ ಲೋಕಲ್ ಗಾಡಿಗಳ ಬಾಗಿಲಲ್ಲಿದ್ದ ಪ್ರಯಾಣಿಕರು ಬಿದ್ದು ಹಲವರು ಪ್ರಾಣ ಕಳೆದುಕೊಂಡರು. ಅವರಂತೆ ಬಾಗಿಲಲ್ಲಿ ನಿಲ್ಲುವವರು ಸಾಹಸಕ್ಕಾಗಿ ನಿಲ್ಲುವುದಿಲ್ಲ; ಒಳಗೆ ಜಾಗವಿಲ್ಲದೆ, ಕೆಲಸಕ್ಕೆ ಹೊತ್ತಾಗಿ ನಿಲ್ಲುತ್ತಾರೆ. ಆದರೆ ನಿಯಮವು ಅವರ ಕಷ್ಟವನ್ನು ವಿಚಾರಿಸುವುದಿಲ್ಲ.

ಆದುದರಿಂದ ಒಂದು ಗಾಡಿ ತಪ್ಪಿದರೆ ತಪ್ಪಲಿ ಎನ್ನುವ ಧೈರ್ಯ ಬೇಕು. ಗಾಡಿ ಪೂರ್ತಿ ನಿಂತ ಮೇಲೆಯೇ ಇಳಿಯಬೇಕು. ನಿಂತು ಪ್ರಯಾಣಿಸುವಾಗ ಗಾಡಿ ಸಾಗುವ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಟ್ಟು ಹಿಡಿಕೆಯನ್ನು ಹಿಡಿದಿರಬೇಕು. ಬಸ್ಸಿನಲ್ಲಿ ವೃದ್ಧರು ನಿಲ್ದಾಣ ಬರುವ ಮೊದಲೇ ಎದ್ದು ನಿಲ್ಲಬಾರದು. ಒಂದು ಬ್ರೇಕಿಗೆ ಸೊಂಟದ ಮೂಳೆ ಮುರಿದೀತು. ಕಾರಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿ, ತಾಯಿಯ ತೋಳು ಹಿಡಿದೀತೆಂದು ನಂಬಬಾರದು. ಘರ್ಷಣೆಯ ಕ್ಷಣದಲ್ಲಿ ಹಿಡಿಯಬೇಕಾದ ಬಲ ಯಾವ ತೋಳಿಗೂ ಮೀರಿದ್ದು.

2025ರ ಜನವರಿ 16ರಂದು ಭಾರತವು ತಲಾ 220 ಕಿಲೋಗ್ರಾಂನ ಎರಡು ಉಪಗ್ರಹಗಳನ್ನು ಅಂತರಿಕ್ಷದಲ್ಲಿ ಒಂದಕ್ಕೊಂದು ಜೋಡಿಸಿತು. ಭೂಮಿಯನ್ನು ಗಂಟೆಗೆ 27,000 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಸುತ್ತುತ್ತಿದ್ದ ಅವು, ಕೂಡುವ ಕ್ಷಣದಲ್ಲಿ ಒಂದನ್ನೊಂದು ಸಮೀಪಿಸಿದ್ದು ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರಿನಂತೆ, ಇರುವೆಯ ನಡಿಗೆಯಲ್ಲಿ. ಅವಸರವೇ ಧರ್ಮವಾಗಿರುವ ಈ ಮಹಾನಗರದಲ್ಲಿ ವೇಗವನ್ನು ಗಳಿಸುವುದನ್ನು ಎಲ್ಲರೂ ಕಲಿತಿದ್ದಾರೆ. ವೇಗವನ್ನು ಮೆಲ್ಲನೆ ಕಳೆಯುವುದನ್ನು ಕಲಿತವನು ಸಂಜೆ ಸುರಕ್ಷಿತವಾಗಿ ಮನೆ ಸೇರುತ್ತಾನೆ.